ಮಗುವಿನ ಕರುಳು ಸಿಕ್ಕಿಕೊಂಡರೆ ಕತ್ತರಿಯೇ ಬೇಕೆಂದಿಲ್ಲ

ಮುಂಬಯಿ, ಪುಣೆಗಳಲ್ಲಿ ನೆಲೆಸಿದ ನಮ್ಮ ಅನೇಕ ಎಳೆಯ ದಂಪತಿಗಳ ಮನೆಯಲ್ಲಿ ಅಜ್ಜಿಯಿಲ್ಲ. ಮಗು ಅತ್ತರೆ ಊರಿಗೆ ಫೋನಾಯಿಸುತ್ತಾರೆ. ಇಂಗು ಹಚ್ಚಿ, ದೃಷ್ಟಿ ತೆಗೆಯಿರಿ ಎಂಬ ಸಲಹೆ ಬರುತ್ತದೆ. ಆದರೆ ಕೆಲವು ಅಳುವಿಗೆ ಆಸ್ಪತ್ರೆಯೇ ಗತಿ.

ಅಂಗಿಯ ತೋಳು ಒಳಮಡಚಿದಂತೆ ಕರುಳಿನ ಒಂದು ಭಾಗ ಮುಂದಿನ ಭಾಗದೊಳಗೆ ನುಗ್ಗಿ ದಾರಿ ಮುಚ್ಚುವುದನ್ನು ವೈದ್ಯರು ‘ಇಂಟಸ್ಸಸೆಪ್ಷನ್’ ಎನ್ನುತ್ತಾರೆ. 3 ತಿಂಗಳಿಂದ 3 ವರ್ಷದೊಳಗಿನ ಮಕ್ಕಳಲ್ಲಿ, ಅದರಲ್ಲೂ ವರ್ಷ ತುಂಬದ ಶಿಶುಗಳಲ್ಲಿ ಇದು ಹೆಚ್ಚು. ಮಗು ಕಾಲು ಹೊಟ್ಟೆಗೆ ಮಡಚಿ ಚೀರುತ್ತದೆ, ಕೆಲ ನಿಮಿಷ ಸುಮ್ಮನಾಗಿ ಮತ್ತೆ ಚೀರುತ್ತದೆ. ವಾಂತಿ, ನಿತ್ರಾಣ, ಬಳಿಕ ರಕ್ತ-ಲೋಳೆ ಬೆರೆತ ಮಲ. ನಡುವೆ ಸುಮ್ಮನಾಗುವುದರಿಂದಲೇ ಪಾಲಕರು ಮೋಸಹೋಗುತ್ತಾರೆ.

ಸೋನೋಗ್ರಫಿಯಿಂದ ರೋಗ ಪತ್ತೆಯಾಗುತ್ತದೆ. ಗುದದ್ವಾರದಿಂದ ನಳಿಕೆಯಿಟ್ಟು, ಎಕ್ಸ್‌ರೇ ಪರದೆ ನೋಡುತ್ತ ಹದವಾದ ಒತ್ತಡದಲ್ಲಿ ಗಾಳಿ ಹಾಯಿಸಿದರೆ, ಅಥವಾ ಸೋನೋಗ್ರಫಿಯಲ್ಲಿ ನೋಡುತ್ತ ಸಲೈನ್ ಬಿಟ್ಟರೆ, ನುಗ್ಗಿದ ಕರುಳು ಹಿಂದೆ ಸರಿಯುತ್ತದೆ. ಗಾಳಿಯ ಒತ್ತಡ ಸಾಮಾನ್ಯವಾಗಿ 120 ಮಿ.ಮೀ. ಪಾದರಸ ಮೀರದಂತೆ ನೋಡಿಕೊಳ್ಳುತ್ತಾರೆ. ಅನುಭವಿ ಕೈಗಳಲ್ಲಿ ನೂರಕ್ಕೆ 80-90 ಮಕ್ಕಳು ಹೀಗೆಯೇ ಗುಣವಾಗುತ್ತಾರೆ. ವಿಧಾನ ಹೊಸದೇನಲ್ಲ, ಕೋಪನ್‌ಹೇಗನ್‌ನ ಹೆರಾಲ್ಡ್ ಹಿರ್ಷ್‌ಸ್ಪ್ರುಂಗ್ 1876ರಲ್ಲೇ ನೀರಿನ ಒತ್ತಡದ ಚಿಕಿತ್ಸೆಯನ್ನು ವರದಿ ಮಾಡಿದ್ದರು. ಸುಮಾರು ಹತ್ತರಲ್ಲಿ ಒಂದು ಮಗುವಿಗೆ ತೊಂದರೆ ಮರುಕಳಿಸುವುದರಿಂದ ನಂತರವೂ ನಿಗಾ ಅಗತ್ಯ.

ತಡವಾದರೆ ರಕ್ತಸಂಚಾರ ನಿಂತು ಕರುಳು ಕೊಳೆಯುತ್ತದೆ, ತೂತಾಗುತ್ತದೆ. ಆಗ ಶಸ್ತ್ರಚಿಕಿತ್ಸೆಯೊಂದೇ ದಾರಿ. ಆದ್ದರಿಂದ ಮಕ್ಕಳ ಶಸ್ತ್ರವೈದ್ಯರಿರುವ ಆಸ್ಪತ್ರೆಗೇ, ಬೆಳಗಾಗಲೆಂದು ಕಾಯದೆ ಹೋಗಬೇಕು.

ನಮ್ಮ ಸಂಘಗಳ ಮಹಿಳಾ ವಿಭಾಗದವರು ಆರೋಗ್ಯ ಶಿಬಿರಗಳಲ್ಲಿ ಈ ಲಕ್ಷಣಗಳನ್ನು ತಾಯಂದಿರಿಗೆ ತಿಳಿಸಿಕೊಟ್ಟರೆ ಒಂದು ಕೂಸಿನ ಹೊಟ್ಟೆಯ ಮೇಲಿನ ಗಾಯವಾದರೂ ತಪ್ಪೀತು.