ಒಂದು ಜೀನ್ ಟೆಸ್ಟ್ ಮಾಡಿಸಿದರೆ ರಕ್ತ ಹೆಪ್ಪುಗಟ್ಟುವುದು ಮೊದಲೇ ಗೊತ್ತಾಗುತ್ತದೆಯೇ?

‘ಒಂದೇ ಒಂದು ರಕ್ತ ಪರೀಕ್ಷೆ ಸಾಕು, ರಕ್ತ ಹೆಪ್ಪುಗಟ್ಟುವುದನ್ನು ಮೊದಲೇ ತಿಳಿದು ಹೃದಯಾಘಾತ ತಪ್ಪಿಸಿಕೊಳ್ಳಿ’ ಎಂಬಂಥ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಬಂದಿರಬಹುದು. ಇಂಥ ಪರೀಕ್ಷೆ ಇರುವುದು ನಿಜ. ಆದರೆ ಅದರಿಂದ ಅಷ್ಟೆಲ್ಲ ತಿಳಿಯುವುದಿಲ್ಲ.

ಏನಿದು ಪರೀಕ್ಷೆ?
ಗಾಯವಾದಾಗ ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ರೋಟೀನ್‌ಗಳಲ್ಲಿ ‘ಫ್ಯಾಕ್ಟರ್ ಫೈವ್’ ಒಂದು. ಕೆಲಸ ಮುಗಿದ ಮೇಲೆ ‘ಪ್ರೋಟೀನ್ ಸಿ’ ಅದನ್ನು ಕತ್ತರಿಸಿ ನಿಲ್ಲಿಸುತ್ತದೆ. ಕೆಲವರಲ್ಲಿ ಹುಟ್ಟಿನಿಂದಲೇ ಜೀನ್ ಸ್ವಲ್ಪ ಬದಲಾಗಿದ್ದು, ಈ ಕತ್ತರಿಸುವ ಕೆಲಸ ನಿಧಾನವಾಗುತ್ತದೆ. 1994ರಲ್ಲಿ ಇದನ್ನು ಗುರುತಿಸಿದ್ದು ನೆದರ್‌ಲೆಂಡ್ಸ್‌ನ ಲೈಡನ್ ನಗರದ ಸಂಶೋಧಕರು. ಹಾಗಾಗಿ ಇದಕ್ಕೆ ‘ಫ್ಯಾಕ್ಟರ್ ಫೈವ್ ಲೈಡನ್’ ಎಂಬ ಹೆಸರು. ಯುರೋಪ್ ಮೂಲದವರಲ್ಲಿ ಸುಮಾರು 100ಕ್ಕೆ 5 ಜನರಲ್ಲಿ ಇದು ಕಾಣುತ್ತದೆ. ಭಾರತೀಯರಲ್ಲಿ ಅದಕ್ಕಿಂತ ಕಡಿಮೆ.

ಪಾಸಿಟಿವ್ ಬಂದರೆ ಗಾಬರಿಯಾಗಬೇಕೇ?
ಬೇಡ. ತಂದೆ ಅಥವಾ ತಾಯಿ, ಒಬ್ಬರಿಂದ ಮಾತ್ರ ಈ ಜೀನ್ ಬಂದಿದ್ದರೆ ಅಪಾಯ ಕೆಲವು ಪಟ್ಟು ಹೆಚ್ಚುತ್ತದೆ. ಆದರೂ ಹೆಚ್ಚಿನವರಿಗೆ ಜೀವಮಾನದಲ್ಲಿ ಒಮ್ಮೆಯೂ ರಕ್ತ ಹೆಪ್ಪುಗಟ್ಟುವುದಿಲ್ಲ. ಇಬ್ಬರಿಂದಲೂ ಬಂದಿದ್ದರೆ ಅಪಾಯ ಇನ್ನೂ ಹೆಚ್ಚು. ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆ, ಗರ್ಭಾವಸ್ಥೆ, ದೊಡ್ಡ ಶಸ್ತ್ರಚಿಕಿತ್ಸೆ ಇವು ಅಪಾಯವನ್ನು ಮತ್ತಷ್ಟು ಏರಿಸುತ್ತವೆ. ಆದ್ದರಿಂದ ಅಮ್ಮನಿಗೋ ಅಕ್ಕನಿಗೋ ಹೀಗಾಗಿದ್ದರೆ, ಮಾತ್ರೆ ಶುರು ಮಾಡುವ ಮೊದಲೇ ಆ ವಿಷಯವನ್ನು ವೈದ್ಯರಿಗೆ ಹೇಳಿ.

ನೆಗೆಟಿವ್ ಬಂದರೆ ನಿಶ್ಚಿಂತೆಯೇ?
ಅದೂ ಅಲ್ಲ. ಯಾವುದೇ ಜೀನ್ ದೋಷವಿಲ್ಲದ ಅನೇಕರಿಗೂ ರಕ್ತ ಹೆಪ್ಪುಗಟ್ಟುತ್ತದೆ. ವಾರಗಟ್ಟಲೆ ಹಾಸಿಗೆ ಹಿಡಿಯುವುದು, ಕ್ಯಾನ್ಸರ್, ಬೊಜ್ಜು ಕೂಡ ಕಾರಣಗಳೇ. ರಿಪೋರ್ಟ್ ನೆಗೆಟಿವ್ ಬಂತೆಂದು ವೈದ್ಯರನ್ನು ಕೇಳದೆ ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಿದರೆ ಜೀವಕ್ಕೇ ಅಪಾಯ.

ಹೃದಯಾಘಾತ ತಪ್ಪುತ್ತದೆಯೇ?
ಫ್ಯಾಕ್ಟರ್ ಫೈವ್ ಲೈಡನ್‌ನ ನಂಟು ಮುಖ್ಯವಾಗಿ ಕಾಲಿನ ಮತ್ತು ಶ್ವಾಸಕೋಶದ ಹೆಪ್ಪಿನೊಂದಿಗೆ. ಹೃದಯಾಘಾತಕ್ಕೆ ಬಿಪಿ, ಸಕ್ಕರೆ ಕಾಯಿಲೆ, ಕೊಲೆಸ್ಟ್ರಾಲ್, ಧೂಮಪಾನವೇ ಮುಖ್ಯ ಕಾರಣಗಳು.

ಪ್ಯಾಕೇಜ್ ಕೊಳ್ಳುವ ಮುನ್ನ
ಪ್ರೋಟೀನ್ ಸಿ, ಪ್ರೋಟೀನ್ ಎಸ್ ಪರೀಕ್ಷೆಗಳು ಜೀನ್ ನೋಡುವುದಿಲ್ಲ, ರಕ್ತದಲ್ಲಿರುವ ಪ್ರಮಾಣ ಅಳೆಯುತ್ತವೆ. ವಾರ್ಫರಿನ್ ಸೇವಿಸುತ್ತಿದ್ದರೆ ಇವೆರಡೂ ಕಡಿಮೆ ತೋರಿಸಬಹುದು. ಗರ್ಭಿಣಿಯರಲ್ಲಿ ಪ್ರೋಟೀನ್ ಎಸ್ ತಾನಾಗಿಯೇ ಇಳಿದಿರುತ್ತದೆ. ಹಲವು ಪ್ಯಾಕೇಜ್‌ಗಳಲ್ಲಿ ಸೇರುವ ‘ಎಂಟಿಎಚ್ಎಫ್ಆರ್’ ಜೀನ್ ಪರೀಕ್ಷೆಯನ್ನು ಈ ಉದ್ದೇಶಕ್ಕೆ ಮಾಡಿಸಬಾರದೆಂದು ತಜ್ಞ ಸಂಸ್ಥೆಗಳೇ ಹೇಳಿವೆ.

ಯಾರಿಗೆ ಉಪಯೋಗ?
ಚಿಕ್ಕ ವಯಸ್ಸಿನಲ್ಲೇ, ಕಾರಣವಿಲ್ಲದೆ ಅಥವಾ ಮತ್ತೆ ಮತ್ತೆ ಹೆಪ್ಪುಗಟ್ಟಿದವರು, ಕುಟುಂಬದಲ್ಲಿ ಇಂಥ ಇತಿಹಾಸ ಇರುವವರು ರಕ್ತರೋಗ ತಜ್ಞರನ್ನು ಕೇಳಿ ನಿರ್ಧರಿಸಬಹುದು.

ನೆನಪಿರಲಿ: ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಜೀನ್ ಟೆಸ್ಟ್ ಬುಕ್ ಮಾಡುತ್ತ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ. ಫಾರ್ವರ್ಡ್ ಮಾಡುವುದಾದರೆ ಈ ಮಾತನ್ನು ಮಾಡಿ.