ಖಾಲಿ ತೋಟಾ ಮತ್ತೆ ತುಂಬಬಹುದೇ?

ಈ ಪತ್ರಿಕೆಯಲ್ಲಿ ತೋಟದ ಮಾತಿರುವುದು ಸಹಜ. ಈ ಸಲ ತೋಟಾದ ಮಾತು ಬಂದಿದೆ. ಮುಂಗಾರು ಹಿಡಿಯುವುದಕ್ಕೆ ಮುಂಚೆ ಕೋವಿಯನ್ನು ಒರೆಸಿ ಎಣ್ಣೆ ಸವರಿಡುವ ರೂಢಿ ನಮ್ಮ ಕಡೆಯ ಮನೆಗಳಲ್ಲಿದೆ. ಹಾಗೆ ಪೆಟ್ಟಿಗೆ ತೆರೆದಾಗ ಅಜ್ಜನ ಕಾಲದ ಹಿತ್ತಾಳೆ ತೋಟಾಗಳು, ಮದ್ದು ಅಳೆಯುವ ಪುಟ್ಟ ಬಟ್ಟಲು, ಕೇಪು ಕೂರಿಸುವ ಕೈಸಲಕರಣೆ ಕಣ್ಣಿಗೆ ಬೀಳುವುದುಂಟು. ಅಂಗಡಿಯಲ್ಲಿ ತೋಟಾದ ಬೆಲೆ ಕೇಳಿ ಬಂದವರಿಗೆ ಆಗ ಒಂದು ಯೋಚನೆ ಹೊಳೆಯುತ್ತದೆ: ಹಿರಿಯರು ಮನೆಯಲ್ಲೇ ತುಂಬುತ್ತಿದ್ದರು, ನಾವು ಏಕೆ ತುಂಬಬಾರದು? ಸದಸ್ಯರಲ್ಲಿ ಕೆಲವರು ಕೇಳಿರುವ ಈ ಪ್ರಶ್ನೆಗೆ ನಮ್ಮ ಉತ್ತರ ‘ಬೇಡ’ ಎಂಬುದೇ. ಆದರೆ ಬರಿದೇ ಬೇಡವೆಂದರೆ ಬೆಳೆಗಾರರು ಕೇಳುವ ಜನವಲ್ಲ. ಕಾರಣಗಳನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ತೋಟಾ ಎಂದರೆ ನಾಲ್ಕೇ ವಸ್ತು. ಹೊರಗಿನ ಕವಚ, ತಳದಲ್ಲಿ ಕೇಪು, ಅದರ ಮೇಲೆ ಮದ್ದು, ಮದ್ದಿನ ಮೇಲೆ ಬಿರಡೆ ಕೂರಿಸಿ ಚರೆ ಅಥವಾ ಗುಂಡು. ಹಿರಿಯರು ತುಂಬುತ್ತಿದ್ದದ್ದು ಹೆಚ್ಚಾಗಿ ಕರಿಮದ್ದು. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ್ದು. ಅದನ್ನು ಬಟ್ಟಲಿನಲ್ಲಿ ಅಳೆದು ಹಾಕಿದರೆ ಸಾಕಿತ್ತು. ಕವಚದಲ್ಲಿ ಮದ್ದು ಬಹಳ ಜಾಗ ಹಿಡಿಯುತ್ತಿದ್ದುದರಿಂದ ಎರಡು ಸಲ ಸುರಿದರೆ ಬಿರಡೆಗೂ ಚರೆಗೂ ಜಾಗ ಸಾಲದೆ ತಪ್ಪು ತಾನಾಗಿ ಗೊತ್ತಾಗುತ್ತಿತ್ತು. ಅಳತೆ ಕೊಂಚ ಹೆಚ್ಚಾದರೆ ಹೆಗಲಿಗೆ ಒದೆತ ಜೋರಾಗಿ ಬೀಳುತ್ತಿತ್ತು, ಅಷ್ಟೆ.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಎಂಬಾತ ಹೊಗೆಯಿಲ್ಲದ ಮದ್ದನ್ನು ತಯಾರಿಸಿದ. ಆಮೇಲೆ ಲೆಕ್ಕವೆಲ್ಲ ಬದಲಾಯಿತು. ಈ ಮದ್ದಿಗೆ ಕರಿಮದ್ದಿಗಿಂತ ಬಹಳ ಹೆಚ್ಚು ಕಸುವು. ಬಟ್ಟಲಿನ ಅಳತೆ ಇದಕ್ಕೆ ನಡೆಯದು, ಗ್ರೇನ್ ಲೆಕ್ಕದಲ್ಲಿ ತೂಗಬೇಕು. ಒಂದು ಪೌಂಡಿಗೆ 7000 ಗ್ರೇನ್. ಕರಿಮದ್ದಿನ ಕಾಲದ ಅಳತೆ ಡ್ರಾಮ್. ಒಂದು ಡ್ರಾಮಿಗೆ ಸುಮಾರು 27 ಗ್ರೇನ್. ಪರದೇಶದ ತೋಟಾ ಪೆಟ್ಟಿಗೆಗಳ ಮೇಲೆ ಇಂದಿಗೂ ‘3 ಡ್ರಾಮ್’ ಎಂಬಂತಹ ಬರಹ ಕಾಣುವುದುಂಟು. ಒಳಗೆ 3 ಡ್ರಾಮ್ ಮದ್ದಿದೆ ಎಂದು ಇದರ ಅರ್ಥವಲ್ಲ. 3 ಡ್ರಾಮ್ ಕರಿಮದ್ದು ಕೊಡುತ್ತಿದ್ದಷ್ಟು ಬಲವಿದೆ ಎಂದು ಅರ್ಥ. ಇದನ್ನು ತಿಳಿಯದೆ ಹೊಸ ಮದ್ದನ್ನು ಹಳೆಯ ಡ್ರಾಮ್ ಬಟ್ಟಲಿನಲ್ಲಿ ಅಳೆದು ಕೋವಿ ಸಿಡಿಸಿಕೊಂಡವರು ಆ ದೇಶಗಳಲ್ಲೇ ಇದ್ದಾರೆ. ಪೆಟ್ಟಿಗೆಯಲ್ಲಿರುವ ಅಜ್ಜನ ಬಟ್ಟಲು ಅಂಥದ್ದೇ ಎಂಬುದನ್ನು ನೆನಪಿಡತಕ್ಕದ್ದು.

ಅಮೆರಿಕದಂತಹ ಕಡೆ ದೊಡ್ಡ ಗುಂಡಿನ ಪಿಸ್ತೂಲಿನಲ್ಲಿ ಗುರಿ ಅಭ್ಯಾಸ ಮಾಡುವ ಹವ್ಯಾಸಿಗಳು ತಮ್ಮ ಗುಂಡುಗಳನ್ನು ಮನೆಯಲ್ಲೇ ತುಂಬಿಕೊಳ್ಳುವುದು ಸಾಮಾನ್ಯ. ಅಲ್ಲಿನ ಕಾನೂನು ಅದಕ್ಕೆ ಅಡ್ಡಿ ಮಾಡುವುದಿಲ್ಲ. ಅಂಥವರೂ ಹೆದರುವ ಸಂಗತಿಯೊಂದಿದೆ. .45 ಪಿಸ್ತೂಲಿನ ಗುರಿಪಂದ್ಯದ ಗುಂಡಿಗೆ ಬೇಗ ಉರಿಯುವ ಮದ್ದು ಕಾಲು ಗ್ರಾಮಿನ ಆಸುಪಾಸು ಸಾಕು. ಅದು ಕವಚದ ತಳದಲ್ಲಿ ಚೂರು ಜಾಗ ಹಿಡಿಯುತ್ತದೆ. ಮನಸ್ಸು ಬೇರೆಲ್ಲೋ ಇದ್ದು ಎರಡು ಸಲ ಸುರಿದರೂ ಉಕ್ಕುವುದಿಲ್ಲ. ಮೇಲೆ ಗುಂಡು ಕೂರಿಸಿದರೆ ಹೊರಗಿನಿಂದ ವ್ಯತ್ಯಾಸವೇ ಕಾಣದು. ಮದ್ದು ಹಾಕುವುದೇ ಮರೆತರೆ ಇನ್ನೊಂದು ಬಗೆಯ ಪೇಚು. ಕೇಪಿನ ಬಲವೊಂದರಿಂದಲೇ ಗುಂಡು ನಳಿಗೆಯೊಳಗೆ ಸ್ವಲ್ಪ ದೂರ ಹೋಗಿ ಸಿಕ್ಕಿಕೊಳ್ಳುತ್ತದೆ, ಅದರ ಹಿಂದೆಯೇ ಎರಡನೆಯದನ್ನು ಹಾರಿಸಿದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಆದ್ದರಿಂದ ಅಲ್ಲಿನವರು ನಿಖರವಾದ ತಕ್ಕಡಿ, ಮದ್ದಿನ ಕಂಪನಿಯವರೇ ಅಚ್ಚು ಹಾಕಿಸಿದ ಕೋಷ್ಟಕ ಇಟ್ಟುಕೊಂಡು, ಪ್ರತಿ ಕವಚದೊಳಗೂ ದೀಪ ಹಿಡಿದು ನೋಡಿಯೇ ಗುಂಡು ಕೂರಿಸುತ್ತಾರೆ. ಅಂತಹ ಕೋಷ್ಟಕವೂ ಇಲ್ಲದೆ, ಡಬ್ಬಿಯಲ್ಲಿರುವ ಮದ್ದು ಯಾವುದೆಂಬ ಖಾತ್ರಿಯೂ ಇಲ್ಲದೆ ನಮ್ಮ ಜಗಲಿಯ ಮೇಲೆ ಕುಳಿತು ಮಾಡುವ ಕೆಲಸ ಇದಲ್ಲ.

ಇನ್ನು ಕಾನೂನು. 1959ರ ಆಯುಧ ಕಾಯಿದೆಯ 5ನೇ ಕಲಂ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ನಮ್ಮ ಕೈಯಲ್ಲಿರುವ ಲೈಸೆನ್ಸ್ ಕೋವಿ ಇಟ್ಟುಕೊಳ್ಳಲು, ಅದರಲ್ಲಿ ಬರೆದಷ್ಟು ತೋಟಾ ಕೊಳ್ಳಲು ಮಾತ್ರ. ತೋಟಾ ತಯಾರಿಸುವ ಅನುಮತಿ ಅದರಲ್ಲಿಲ್ಲ. 2019ರ ತಿದ್ದುಪಡಿಯ ಬಳಿಕ ಅನುಮತಿಯಿಲ್ಲದ ತಯಾರಿಕೆಗೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಸಜೆ. ಕೊಡಗಿನ ಬಾಂಧವರು ‘ನಮಗೆ ವಿನಾಯಿತಿ ಇದೆಯಲ್ಲ’ ಎನ್ನಬಹುದು. 1861ರಿಂದ ಬಂದಿರುವ ಆ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವೂ ಎತ್ತಿ ಹಿಡಿಯಿತು. ಕೈಲ್ ಪೊಳ್ದ್ ದಿನ ಕೋವಿಗೆ ತೋಕ್ ಪೂ ಇಟ್ಟು ಪೂಜಿಸುವ, ತೆಂಗಿನಕಾಯಿಗೆ ಗುರಿಯಿಡುವ ನಾಡಿಗೆ ಅದು ಸಲ್ಲಬೇಕಾದ ಮರ್ಯಾದೆಯೇ. ಆದರೆ ಅದು ಕೋವಿ ಹೊಂದುವುದಕ್ಕೆ ಸಂಬಂಧಪಟ್ಟದ್ದು, ತೋಟಾ ತಯಾರಿಕೆಗಲ್ಲ.

ಹಾಗಾದರೆ ಕೈಯಿಂದ ಮದ್ದು ತುಂಬುವ ಕೆಲಸವೇ ನಮಗಿಲ್ಲವೇ ಎಂದರೆ, ಕೇಪಿನ ಕೋವಿ ಇರುವವರಿಗೆ ಇದೆ. ಅದು ಪ್ರತಿ ಈಡಿಗೂ ಬಾಯಿಯಿಂದಲೇ ತುಂಬಬೇಕಾದ ಕೋವಿ. ಸಣ್ಣ ಹಿಡುವಳಿದಾರರಲ್ಲಿ ಲೈಸೆನ್ಸಿನ ಕೇಪಿನ ಕೋವಿಗಳು ಇನ್ನೂ ಇವೆ. ಇಲ್ಲಿ ಮೊದಲ ಮಾತು: ಲೈಸೆನ್ಸಿನ ಅಂಗಡಿಯಿಂದ ತಂದ ಕರಿಮದ್ದು ಬಿಟ್ಟು ಬೇರೆ ಯಾವುದನ್ನೂ ಇದಕ್ಕೆ ಹಾಕಬಾರದು. ತೋಟಾ ಬಿಚ್ಚಿ ಅದರೊಳಗಿನ ಮದ್ದನ್ನು ಕೇಪಿನ ಕೋವಿಗೆ ಸುರಿಯುವುದು ಸಾವನ್ನು ಕರೆದಂತೆ. ಆ ನಳಿಗೆ ಅಂತಹ ಒತ್ತಡ ತಡೆಯುವುದಿಲ್ಲ. ಎರಡನೆಯದು, ತುಂಬುವ ಮುಂಚೆ ಕೋವಿ ಖಾಲಿ ಇದೆಯೋ ಎಂದು ಗಜ ಇಳಿಸಿ ನೋಡಬೇಕು. ಖಾಲಿ ನಳಿಗೆಯಲ್ಲಿ ಗಜ ಎಲ್ಲಿಯವರೆಗೆ ಇಳಿಯುತ್ತದೆಂದು ಒಂದು ಗುರುತು, ಈಡು ತುಂಬಿದಾಗ ಎಲ್ಲಿ ನಿಲ್ಲುತ್ತದೆಂದು ಇನ್ನೊಂದು ಗುರುತು ಕೊರೆದಿಟ್ಟರೆ ಯಾರು ತುಂಬಿಟ್ಟರು, ಯಾವಾಗ ತುಂಬಿಟ್ಟರು ಎಂಬ ತಕರಾರೇ ಇರದು. ಅಣ್ಣ ತುಂಬಿಟ್ಟ ಕೋವಿಗೆ ತಮ್ಮ ಮತ್ತೊಂದು ಈಡು ತುಂಬುವುದು ನಮ್ಮ ಮನೆಗಳಲ್ಲಿ ಆಗದ ಮಾತೇನಲ್ಲ. ಮದ್ದಿಗೂ ಬಿರಡೆಗೂ ನಡುವೆ ಸಂದು ಬಿಡದೆ ಗಟ್ಟಿಯಾಗಿ ತಳಕ್ಕೆ ಕೂರಿಸಬೇಕು. ಸಂದಿದ್ದರೆ ನಳಿಗೆ ಒಡೆಯುವ ಭಯವಿದೆ. ಮದ್ದಿನ ಕೊಂಬಿನಿಂದ ನೇರವಾಗಿ ಸುರಿಯಲೇಬಾರದು, ಅಳತೆಯ ಬಟ್ಟಲಿಗೆ ಹಾಕಿಕೊಂಡು ಸುರಿಯಬೇಕು. ಹಿಂದಿನ ಈಡಿನ ಕಿಡಿ ತಳದಲ್ಲಿ ಉಳಿದಿದ್ದರೆ ಹೊತ್ತಿಕೊಳ್ಳುವುದು ಬಟ್ಟಲಿನಷ್ಟು ಮದ್ದು ಮಾತ್ರ. ಕೊಂಬು ಪೂರ್ತಿ ಹೊತ್ತಿಕೊಂಡರೆ ಕೈ ಉಳಿಯದು. ಮುಖವನ್ನು ನಳಿಗೆಯ ಬಾಯಿಯಿಂದ ಆಚೆ ಇಟ್ಟುಕೊಂಡು ತುಂಬಬೇಕು. ಕೇಪು ಎಲ್ಲಕ್ಕಿಂತ ಕಡೆಗೆ. ಬೇಲಿ, ತೊಡಮೆ, ಸಂಕ ದಾಟುವಾಗ ಕೇಪು ತೆಗೆದು ಜೇಬಿಗೆ ಹಾಕಿಕೊಳ್ಳಬೇಕು. ಕೇಪು ಸಿಡಿದೂ ಈಡು ಹಾರದಿದ್ದರೆ ಕೋವಿಯನ್ನು ಬಯಲಿನತ್ತಲೇ ಹಿಡಿದು ಒಂದು ನಿಮಿಷವಾದರೂ ಕಾಯಬೇಕು.

ಬೆಳೆಗಾರರಿಗೆ ಇನ್ನೊಂದು ಮಾತು. ಬಿರಡೆಗೆ ತೆಂಗಿನ ನಾರು ತುರುಕುವವರು ಬಹಳ. ಆ ನಾರು ಕೆಂಡವಾಗಿ ಹಾರಿ ಬೀಳುತ್ತದೆ. ಮಾಘ, ಫಾಲ್ಗುಣದಲ್ಲಿ ದರಗು ಒಣಗಿ ಗರಿಗರಿ ಎನ್ನುವಾಗ ಮಂಗ ಓಡಿಸಲೆಂದು ಹಾರಿಸಿದ ಒಂದು ಸದ್ದಿನ ಈಡು ಸೊಪ್ಪಿನಬೆಟ್ಟಕ್ಕೆ ಬೆಂಕಿ ಇಡಬಲ್ಲದು. ಬಿದ್ದ ನಾರನ್ನು ಹುಡುಕಿ ತುಳಿದು ಆರಿಸಿಯೇ ಮನೆಗೆ ಬರಬೇಕು.

ತೋಟಾ ಕೋವಿಯವರು ಕೊಳ್ಳುವಾಗ ನೋಡಬೇಕಾದ್ದು ಎರಡು ಸಂಗತಿ. ನಳಿಗೆಯ ಅಳತೆಯ ಸೀಸದ ಉಂಡೆಗಳು 12 ಸೇರಿ ಒಂದು ಪೌಂಡ್ ತೂಗಿದರೆ ಅದು 12 ಬೋರ್. 20 ಬೇಕಾದರೆ 20 ಬೋರ್. ಹಾಗಾಗಿ ಅಂಕೆ ದೊಡ್ಡದಾದಷ್ಟು ನಳಿಗೆ ಸಣ್ಣದು. 20 ಬೋರಿನ ತೋಟಾ ತಪ್ಪಿ 12 ಬೋರಿನ ಕೋವಿಗೆ ಬಿದ್ದರೆ ಒಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ಕೋವಿ ಖಾಲಿ ಎಂದು ತಿಳಿದು ಹಿಂದೆ 12ರ ತೋಟಾ ಹಾಕಿ ಹಾರಿಸಿದರೆ ನಳಿಗೆ ಎಡಗೈ ಹಿಡಿಯುವ ಜಾಗದಲ್ಲೇ ಸಿಡಿಯುತ್ತದೆ. ಪರದೇಶಗಳಲ್ಲಿ 20 ಬೋರಿಗೆ ಹಳದಿ ಬಣ್ಣ ಕೊಡುವ ಪದ್ಧತಿ ಬಂದಿರುವುದು ಇದಕ್ಕಾಗಿಯೇ. ಎರಡು ಬಗೆಯ ಕೋವಿಯಿರುವ ಮನೆಯಲ್ಲಿ ಬಣ್ಣವನ್ನು ನಂಬದೆ ಬೇರೆ ಬೇರೆ ಡಬ್ಬಿಯಲ್ಲಿಡುವುದು ಲೇಸು. ಮತ್ತೆ ಉದ್ದ. ಬರ್ಮಿಂಗ್‌ಹ್ಯಾಮಿನಿಂದ ಬಂದ ಹಳೆಯ ಜೋಡಿನಳಿಗೆಗಳಲ್ಲಿ ಅನೇಕವು 65 ಮಿಲಿಮೀಟರಿನ ತೋಟಾಕ್ಕೆ ಮಾಡಿದವು. 70ರ ತೋಟಾ ಅವಕ್ಕೆ ಸಲೀಸಾಗಿ ಹೋಗುತ್ತದೆ, ಏಕೆಂದರೆ ಆ ಅಳತೆ ಹಾರಿಸಿ ಬಾಯಿ ಬಿಚ್ಚಿದ ತೋಟಾದ್ದು. ಹಾರಿದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ನಳಿಗೆಯ ಮೇಲೆ ಹಾವಿನ ಮೈಯಂತಹ ಗೆರೆಗಳಿದ್ದರೆ ಅದು ಕಬ್ಬಿಣ, ಉಕ್ಕಿನ ಪಟ್ಟಿ ಹೊಸೆದು ಕರಿಮದ್ದಿನ ಕಾಲದಲ್ಲಿ ಮಾಡಿದ್ದು. ಬಲ್ಲ ಕೋವಿ ಕೆಲಸಗಾರರಿಗೆ ತೋರಿಸದೆ ಅದರಲ್ಲಿ ಈಗಿನ ತೋಟಾ ಹಾರಿಸಬೇಡಿ.

ಮಳೆಗಾಲದ ಶೀತಕ್ಕೆ ಕಾಗದದ ತೋಟಾ ಉಬ್ಬುತ್ತದೆ, ಹಿತ್ತಾಳೆ ಹಸಿರಾಗುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಣಗಿಸುವುದು ಅಡಕೆಗೆ ಸರಿ, ತೋಟಾಕ್ಕಲ್ಲ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣ ಹಾಕಿ, ಬೀಗವಿರುವ ಕಪಾಟಿನಲ್ಲಿಡಿ. ಕೋವಿಯನ್ನು ಚರ್ಮದ ಚೀಲದೊಳಗೆ ಇಟ್ಟು ಮರೆಯಬೇಡಿ. ಚರ್ಮ ತೇವ ಹಿಡಿದು ನಳಿಗೆಗೆ ತುಕ್ಕು ತರುತ್ತದೆ. ಕರಿಮದ್ದು ಹಾರಿಸಿದ ಕೋವಿಯನ್ನಂತೂ ಅದೇ ದಿನ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಹಾಕಬೇಕು. ಉಬ್ಬಿದ, ಹಸಿರುಗಟ್ಟಿದ ತೋಟಾಗಳನ್ನು ಗೊಬ್ಬರದ ಗುಂಡಿಗೋ ಒಲೆಗೋ ಎಸೆಯದೆ ಲೈಸೆನ್ಸಿನ ಸಮೇತ ಅಂಗಡಿಯವರಲ್ಲೋ ಪೊಲೀಸ್ ಠಾಣೆಯಲ್ಲೋ ವಿಚಾರಿಸಿ ಒಪ್ಪಿಸಿ. ಆಗಲೇ ಲೈಸೆನ್ಸಿನ ಅವಧಿಯನ್ನೂ ಒಮ್ಮೆ ನೋಡಿಕೊಳ್ಳಿ; 2019ರ ತಿದ್ದುಪಡಿಯಲ್ಲಿ ಅದು 3ರಿಂದ 5 ವರ್ಷವಾಗಿರುವುದರಿಂದ ನವೀಕರಣದ ದಿನ ಮರೆತುಹೋಗುವುದು ಸುಲಭ.