ಪ್ರೋಗ್ರಾಮನ್ನು ಹಿಂದಕ್ಕೂ ಓಡಿಸಬಹುದು: ನಿಮಗಿದು ಗೊತ್ತೇ?

● ಪ್ರೋಗ್ರಾಂ ಕ್ರ್ಯಾಶ್ ಆಗುವ ಸಾಲು ಒಂದಾದರೆ, ತಪ್ಪು ನಡೆದ ಸಾಲು ಬಹುತೇಕ ಬೇರೆಲ್ಲೋ ಇರುತ್ತದೆ. ಮಾಮೂಲಿ ಡಿಬಗರ್ ಮುಂದಕ್ಕಷ್ಟೇ ಹೋಗುತ್ತದೆ. ಬೇಕಾದ ಸಾಲು ದಾಟಿಬಿಟ್ಟರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಕ್ರ್ಯಾಶ್ ಆದಲ್ಲಿಂದಲೇ ಒಂದೊಂದೇ ಸಾಲು ಹಿಂದೆ ಸರಿಯುವ ಡಿಬಗರ್‌ಗಳೂ ಇವೆ. ಇದಕ್ಕೆ ರಿವರ್ಸ್ ಡಿಬಗಿಂಗ್ ಅಥವಾ ಟೈಮ್ ಟ್ರಾವೆಲ್ ಡಿಬಗಿಂಗ್ ಎನ್ನುತ್ತಾರೆ.

● ಯೋಚನೆ ಹಳೆಯದು. ಅಮೆರಿಕದ ರ‍್ಯಾಂಡ್ ಕಾರ್ಪೊರೇಷನ್ನಿನ ರಾಬರ್ಟ್ ಬಾಲ್ಜರ್ 1969ರಲ್ಲೇ ‘ಎಕ್ಸ್‌ಡ್ಯಾಮ್ಸ್’ ಎಂಬ ವ್ಯವಸ್ಥೆಯ ಬಗ್ಗೆ ಬರೆದಿದ್ದರು. ಪ್ರೋಗ್ರಾಂ ನಡೆದ ಚರಿತ್ರೆಯನ್ನು ಟೇಪಿಗೆ ಇಳಿಸಿಕೊಂಡು, ಆಮೇಲೆ ಹಿಂದಕ್ಕೂ ಮುಂದಕ್ಕೂ ನೋಡುವ ಏರ್ಪಾಡು ಅದು.

● ಲಿನಕ್ಸ್ ಬಳಕೆದಾರರಿಗೆ ಚಿರಪರಿಚಿತವಾದ ಜಿಡಿಬಿ ಎಂಬ ಡಿಬಗರ್‌ಗೆ ಈ ಶಕ್ತಿ ಬಂದದ್ದು 2009ರ 7.0 ಆವೃತ್ತಿಯಲ್ಲಿ. ‘ರೆಕಾರ್ಡ್’ ಎಂದು ಶುರು ಮಾಡಿ, ‘ರಿವರ್ಸ್-ಸ್ಟೆಪ್’ ಎಂದರೆ ಹಿಂದಿನ ಸಾಲಿಗೆ ಹೋಗುತ್ತದೆ. ಆದರೆ ನೀವಾಗಿ ಬದಲಿಸದಿದ್ದರೆ ಅದು ನೆನಪಿಟ್ಟುಕೊಳ್ಳುವುದು ಕೊನೆಯ 2,00,000 ಇನ್‌ಸ್ಟ್ರಕ್ಷನ್‌ಗಳನ್ನು ಮಾತ್ರ. ಇಂದಿನ ಪ್ರೊಸೆಸರ್ ಸಾಮಾನ್ಯವಾಗಿ ಅಷ್ಟನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗದೊಳಗೇ ಮುಗಿಸುತ್ತದೆ.

● ‘ಎಕ್ಸ್’ ಎಂಬ ವೇರಿಯಬಲ್‌ನಲ್ಲಿ 3 ಇತ್ತು, ಅದರ ಮೇಲೆ 5 ಬರೆದಿರಿ. ಹಳೆಯ 3 ಅಳಿಸಿಹೋಯಿತು, ಹಿಂದಕ್ಕೆ ಹೋಗುವುದು ಹೇಗೆ? ಒಂದು ದಾರಿ, ಪ್ರತಿ ಹಳೆಯ ಬೆಲೆಯನ್ನೂ ಬರೆದಿಡುವುದು. ಜಿಡಿಬಿಯ ರೆಕಾರ್ಡ್ ಮಾಡುವುದು ಇದನ್ನೇ, ಅದಕ್ಕೇ ಅದು ನಿಧಾನ. ಇನ್ನೊಂದು ದಾರಿಯಲ್ಲಿ ನಿಜವಾಗಿ ಯಾರೂ ಹಿಂದಕ್ಕೆ ಹೋಗುವುದೇ ಇಲ್ಲ! ಪ್ರೋಗ್ರಾಮಿನ ಸ್ಥಿತಿಯನ್ನು ಆಗಾಗ ಹಾಗೇ ಉಳಿಸಿಟ್ಟುಕೊಂಡು, ನೀವು ‘ಹಿಂದೆ’ ಎಂದ ಕೂಡಲೇ ಹಳೆಯ ಸ್ಥಿತಿಯಿಂದ ಮತ್ತೆ ಮುಂದಕ್ಕೆ ಓಡಿಸಿ, ಒಂದು ಹೆಜ್ಜೆ ಮೊದಲೇ ನಿಲ್ಲಿಸುತ್ತಾರೆ. ಓಕ್ಯಾಮಲ್ ಭಾಷೆಯ ಡಿಬಗರ್ ನಡೆಯುವುದು ಹೀಗೆ.

● ಮೊಜಿಲ್ಲಾದವರು ಫೈರ್‌ಫಾಕ್ಸ್‌ನ ಬಗ್‌ಗಳನ್ನು ಹಿಡಿಯಲೆಂದು ‘ಆರ್‌ಆರ್’ ಎಂಬ ಡಿಬಗರ್ ಕಟ್ಟಿದರು. 2014ರಲ್ಲಿ ಅದು ಎಲ್ಲರ ಕೈಗೂ ಬಂತು. ಹೊರಗಿನಿಂದ ಬಂದದ್ದನ್ನಷ್ಟೇ ಅದು ಬರೆದಿಡುತ್ತದೆ: ಸಿಸ್ಟಂ ಕಾಲ್‌ಗಳ ಫಲಿತಾಂಶ, ಸಿಗ್ನಲ್‌ಗಳು, ಯಾವ ಥ್ರೆಡ್ ಯಾವಾಗ ಬದಲಾಯಿತು ಎಂಬುದು. ಉಳಿದದ್ದೆಲ್ಲ ಮರು ಓಟದಲ್ಲಿ ತಾನಾಗಿಯೇ ಹಾಗೇ ನಡೆಯುತ್ತದೆ, ಮೆಮೊರಿಯ ವಿಳಾಸಗಳು ಕೂಡ. ಇವತ್ತು ಬರೆದಿಟ್ಟುಕೊಂಡ ಪಾಯಿಂಟರ್ ವಿಳಾಸ ನಾಳೆಯ ಮರು ಓಟದಲ್ಲೂ ಸರಿಯಾಗಿರುತ್ತದೆ.

● ರಿವರ್ಸ್ ಡಿಬಗಿಂಗಿನ ನಿಜವಾದ ಬಲ ಇರುವುದು ಒಂದೊಂದೇ ಹೆಜ್ಜೆ ಹಿಂದಿಡುವುದರಲ್ಲಲ್ಲ. ಬ್ಯಾಂಕ್ ಪ್ರೋಗ್ರಾಮಿನಲ್ಲಿ ‘ಬ್ಯಾಲೆನ್ಸ್’ ಎಂಬ ವೇರಿಯಬಲ್ ಸೊನ್ನೆಗಿಂತ ಕೆಳಗೆ ಇಳಿದಿದೆ ಎನ್ನಿ. ಅದಕ್ಕೊಂದು ವಾಚ್‌ಪಾಯಿಂಟ್ (ಬೆಲೆ ಬದಲಾದಲ್ಲಿ ನಿಲ್ಲಿಸುವ ಕಾವಲು) ಇಟ್ಟು ‘ರಿವರ್ಸ್-ಕಂಟಿನ್ಯೂ’ ಎಂದರೆ, ಅದನ್ನು ಕೊನೆಯ ಸಲ ಬದಲಿಸಿದ ಸಾಲಿಗೇ ಹೋಗಿ ನಿಲ್ಲುತ್ತದೆ. ಅಲ್ಲಿ ಕಳೆದ ಮೊತ್ತವೇ ತಪ್ಪಾಗಿದ್ದರೆ, ಆ ಮೊತ್ತಕ್ಕೆ ವಾಚ್‌ಪಾಯಿಂಟ್ ಇಟ್ಟು ಮತ್ತೆ ಹಿಂದಕ್ಕೆ. ಹೀಗೆ ಹೋದರೆ ತಪ್ಪಿನ ಮೂಲ ಸಿಗುತ್ತದೆ. ಊಹೆ ಮಾಡುತ್ತಾ ಅಲ್ಲಲ್ಲಿ ಪ್ರಿಂಟ್ ಹಾಕುವುದಕ್ಕಿಂತ ಇದು ಎಷ್ಟೋ ಮೇಲು.

● ಅಪರೂಪಕ್ಕೊಮ್ಮೆ ಕಾಣಿಸಿಕೊಳ್ಳುವ ಬಗ್‌ಗಳಿಗೆಂದೇ ಆರ್‌ಆರ್‌ನಲ್ಲಿ ‘ಕೇಯಾಸ್’ ಮೋಡ್ ಇದೆ. ಥ್ರೆಡ್‌ಗಳ ಸರದಿಯನ್ನು ಬೇಕೆಂದೇ ಏರುಪೇರು ಮಾಡುತ್ತದೆ. ಒಂದೇ ಒಂದು ಸಲ ಬಗ್ ರೆಕಾರ್ಡ್ ಆದರೆ ಸಾಕು, ಆಮೇಲೆ ಪ್ರತಿ ಮರು ಓಟದಲ್ಲೂ ತಪ್ಪದೇ ಬರುತ್ತದೆ.

● ರೆಕಾರ್ಡ್ ಮಾಡುವಾಗ ಪ್ರೋಗ್ರಾಮಿನಿಂದ ಇಮೇಲ್ ಹೋಗಿದ್ದರೆ ಹೋಯಿತು, ಅದನ್ನು ವಾಪಸ್ ತರಲಾಗದು. ಆದರೆ ಆರ್‌ಆರ್‌ನಲ್ಲಿ ನೂರು ಸಲ ಮರು ಓಡಿಸಿದರೂ ಎರಡನೇ ಇಮೇಲ್ ಹೋಗುವುದಿಲ್ಲ. ನೆಟ್‌ವರ್ಕಿನ ತಂಟೆಗೇ ಅದು ಹೋಗದು.

● ವಿಂಡೋಸ್‌ನಲ್ಲೂ 2017ರಿಂದ ವಿನ್‌ಡಿಬಿಜಿ ಎಂಬ ಡಿಬಗರ್ ಮೂಲಕ ಹಿಂದಕ್ಕೆ ಹೋಗುವ ಸೌಲಭ್ಯ ಇದೆ. ಒಂದು ಎಚ್ಚರಿಕೆ: ರೆಕಾರ್ಡಿಂಗ್‌ನೊಳಗೆ ಪಾಸ್‌ವರ್ಡ್, ಖಾಸಗಿ ಮಾಹಿತಿಯೂ ಸೇರಿರಬಹುದು. ಕಂಡಕಂಡವರಿಗೆ ಕಳಿಸಬೇಡಿ.

● ಜಿಡಿಬಿ, ಆರ್‌ಆರ್ ಎರಡೂ ಉಚಿತ. ಸಿ ಅಥವಾ ಸಿ++ ಕಲಿಯುತ್ತಿರುವವರು ಮುಂದಿನ ಬಗ್ ಸಿಕ್ಕಾಗ ‘ಆರ್‌ಆರ್ ರೆಕಾರ್ಡ್’, ಆಮೇಲೆ ‘ಆರ್‌ಆರ್ ರಿಪ್ಲೇ’ ಎಂದು ಒಮ್ಮೆ ಕೊಟ್ಟು ನೋಡಿ.